ಕೊಟ್ಟಿಗೆಯಲ್ಲಿ ಹಸುವಿನ ನೆಮ್ಮದಿ: ಹೈನುಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ಹಸು, ಒಂದು ಕಡಸು, ಮನೆಗೆ ತಾಗಿದ ಕೊಟ್ಟಿಗೆ. ಕರ್ನಾಟಕದ ಹೈನುಗಾರಿಕೆ ಬಹುಪಾಲು ಇಷ್ಟರಲ್ಲೇ ನಡೆಯುತ್ತದೆ. 2019ರ ಜಾನುವಾರು ಗಣತಿಯ ಪ್ರಕಾರ ರಾಜ್ಯದಲ್ಲಿ ಸುಮಾರು 85 ಲಕ್ಷ ದನಗಳೂ 30 ಲಕ್ಷ ಎಮ್ಮೆಗಳೂ ಇದ್ದವು. ಕೆಳಗಿನ ಉತ್ತರಗಳನ್ನು ಅಂಥ ಸಣ್ಣ ಕೊಟ್ಟಿಗೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದೆ. ಹತ್ತಿಪ್ಪತ್ತು ಹಸು ಕಟ್ಟಿದವರಿಗೂ ಇವು ಹೊಂದುತ್ತವೆ. ಕೋಳಿ, ಕುರಿ, ಹಂದಿಗಳ ಕಷ್ಟಸುಖ ಬೇರೆಯೇ ಇದೆ. ಅದನ್ನು ಇಲ್ಲಿ ತುರುಕಿಲ್ಲ.

ಹಸುವನ್ನು ದೇವರೆಂದು ಪೂಜಿಸುವ ನಮಗೆ ದಯೆಯ ಪಾಠ ಬೇಕೇ?

ಪೂಜೆಗೂ ಆರೈಕೆಗೂ ಜಗಳವಿಲ್ಲ. ಆದರೆ ಒಂದನ್ನು ಮಾಡಿ ಇನ್ನೊಂದನ್ನು ಮಾಡಿದೆ ಎಂದುಕೊಳ್ಳಲು ಬರುವುದಿಲ್ಲ. ಸಂಕ್ರಾಂತಿಯಂದು ಮೈ ತೊಳೆಸಿಕೊಂಡು, ಕೊಂಬಿಗೆ ಬಣ್ಣ ಬಳಿಸಿಕೊಂಡು, ಹಾರ ಹಾಕಿಸಿಕೊಂಡ ಹಸುವೇ ಮಾರನೆಯ ದಿನ ಒಂದೂವರೆ ಅಡಿ ಹಗ್ಗದಲ್ಲಿ, ಗಂಜಲ ನಿಂತ ಕಲ್ಲುಚಪ್ಪಡಿಯ ಮೇಲೆ ನಿಂತಿರುತ್ತದೆ. ಹಾಗೆಂದು ಸಾಕಿದವರು ಕ್ರೂರಿಗಳಲ್ಲ. ಅಪ್ಪ ಕಟ್ಟಿದ ಹಾಗೆಯೇ ಮಗನೂ ಕಟ್ಟುತ್ತಾನೆ, ಅಷ್ಟೆ. ಅಪ್ಪನ ಕಾಲದ ನಾಟಿ ಹಸು ಬೆಳಿಗ್ಗೆ ಗೋಮಾಳಕ್ಕೆ ಹೋದರೆ ಹೊತ್ತು ಮುಳುಗುವ ವೇಳೆಗೆ ಮರಳುತ್ತಿತ್ತು. ಹಾದಿಯಲ್ಲಿ ಕೆರೆ, ಮರದ ನೆರಳು, ಮೈ ಉಜ್ಜಲು ಬಂಡೆ ಎಲ್ಲವೂ ಇದ್ದವು. ಕೊಟ್ಟಿಗೆ ರಾತ್ರಿ ತಂಗುವ ಜಾಗ ಮಾತ್ರ. ಇಂದಿನ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಶಿಯನ್ ಎಂಬ ವಿದೇಶಿ ತಳಿ) ಮಿಶ್ರತಳಿ ಹಸುವಿಗೆ ಅದೇ ಕೊಟ್ಟಿಗೆ ದಿನದ ಇಪ್ಪತ್ತನಾಲ್ಕು ಗಂಟೆಯೂ ಮನೆ. ಗೋಮಾಳ ಹೋಯಿತು, ತಳಿ ಬದಲಾಯಿತು, ಹಾಲು ಮೂರು ಪಟ್ಟು, ನಾಲ್ಕು ಪಟ್ಟು ಆಯಿತು. ಹಗ್ಗ ಮಾತ್ರ ಅಷ್ಟೇ ಉದ್ದ ಉಳಿಯಿತು. ನಮ್ಮ ತಕರಾರಿರುವುದು ಇಲ್ಲಿಯೇ.

ಪ್ರಾಣಿ ಕಲ್ಯಾಣ ಎಂದರೆ ನಿರ್ದಿಷ್ಟವಾಗಿ ಏನು? ಹೊಡೆಯದಿದ್ದರೆ ಸಾಲದೇ?

ಸಾಲದು. 1965ರಲ್ಲಿ ಬ್ರಿಟನ್ನಿನ ಬ್ರಾಂಬೆಲ್ ಸಮಿತಿ ಒಂದು ಸರಳ ಅಳತೆಗೋಲು ಕೊಟ್ಟಿತು: ಸಾಕುಪ್ರಾಣಿಗೆ ಎದ್ದು ನಿಲ್ಲಲು, ಮಲಗಲು, ತಿರುಗಲು, ಮೈ ನೆಕ್ಕಿಕೊಳ್ಳಲು, ಕೈಕಾಲು ಚಾಚಲು ಆಗಬೇಕು. ಮುಂದೆ 1979ರಲ್ಲಿ ಅದು ‘ಐದು ಸ್ವಾತಂತ್ರ್ಯಗಳು’ ಎಂದು ರೂಪುಗೊಂಡಿತು. ಹಸಿವು ಬಾಯಾರಿಕೆ ಇರಬಾರದು, ಇರುವ ಜಾಗ ಹಿಂಸೆಯಾಗಬಾರದು, ನೋವು, ಗಾಯ, ರೋಗಕ್ಕೆ ಚಿಕಿತ್ಸೆ ಸಿಗಬೇಕು, ತನ್ನ ಸಹಜ ಸ್ವಭಾವದಂತೆ ನಡೆದುಕೊಳ್ಳಲು ಎಡೆಯಿರಬೇಕು, ಭಯದಲ್ಲಿ ಬದುಕುವಂತಾಗಬಾರದು. ನಮ್ಮ ಸುಪ್ರೀಂ ಕೋರ್ಟ್ 2014ರ ಜಲ್ಲಿಕಟ್ಟು ತೀರ್ಪಿನಲ್ಲಿ ಈ ಐದನ್ನೂ ಎತ್ತಿಕೊಂಡು, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೊಳಗೆ ಇವನ್ನು ಓದಿಕೊಳ್ಳಬೇಕೆಂದು ಹೇಳಿತು. ಜಲ್ಲಿಕಟ್ಟು, ಕಂಬಳಗಳ ಕಥೆ ಆಮೇಲೆ ಬೇರೆ ದಾರಿ ಹಿಡಿಯಿತು. ರಾಜ್ಯಗಳು ಕಾಯ್ದೆಗೆ ತಿದ್ದುಪಡಿ ತಂದವು, 2023ರಲ್ಲಿ ಸಂವಿಧಾನ ಪೀಠ ಅವನ್ನು ಎತ್ತಿಹಿಡಿಯಿತು. ಕೊಟ್ಟಿಗೆಯ ಹಸುವಿನ ಮಾತು ಬಂದಾಗ ಐದು ಸ್ವಾತಂತ್ರ್ಯಗಳಿಗಿಂತ ಒಳ್ಳೆಯ ಪಟ್ಟಿ ಇಲ್ಲ.

ಎಲ್ಲಕ್ಕಿಂತ ಮೊದಲು ಏನನ್ನು ಬದಲಿಸಬೇಕು?

ನೀರು. ದುಡ್ಡೂ ಹೆಚ್ಚು ಬೇಡ, ಫಲವೂ ಬೇಗ ಕಾಣುತ್ತದೆ.

ನಮ್ಮ ಹಳ್ಳಿಗಳಲ್ಲಿ ಹಸುವಿಗೆ ನೀರು ‘ತೋರಿಸುವ’ ರೂಢಿಯಿದೆ. ಬೆಳಿಗ್ಗೆ ಒಂದು ಬಕೆಟ್ ಕಲಗಚ್ಚು, ಸಂಜೆ ಒಂದು ಬಕೆಟ್ ಬೂಸಾ ನೀರು. ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ ಇದೆ. ಹಾಲು ಕರೆಯುವ ಹಸುವಿಗೆ ದಿನಕ್ಕೆ 50ರಿಂದ 60 ಲೀಟರ್ ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಎರಡು ಬಕೆಟ್ಟಿನಲ್ಲಿ ಅದರ ಅರ್ಧವೂ ಆಗುವುದಿಲ್ಲ. ಹಸು ಕೇಳುವುದಿಲ್ಲವಲ್ಲ ಎನ್ನುತ್ತಾರೆ. ಕೇಳುತ್ತದೆ, ನಾವು ಬೇರೆಡೆ ನೋಡುತ್ತಿರುತ್ತೇವೆ. ಖಾಲಿ ಬಕೆಟ್ಟಿನ ತಳ ನೆಕ್ಕುವುದು, ಪಕ್ಕದ ಹಸು ಗಂಜಲ ಹೊಯ್ಯುವಾಗ ಅತ್ತ ಮೂತಿ ಚಾಚುವುದು, ಸಗಣಿ ಗಟ್ಟಿಯಾಗಿ ಮಡಿಕೆ ಮಡಿಕೆಯಾಗಿ ಬೀಳುವುದು, ತೊಡೆಸಂದಿನ ಚರ್ಮವನ್ನು ಚಿವುಟಿ ಬಿಟ್ಟರೆ ನಿಧಾನಕ್ಕೆ ಇಳಿಯುವುದು: ಇವೆಲ್ಲ ಬಾಯಾರಿಕೆಯ ಭಾಷೆ. ಗೋದಲಿಯ ಪಕ್ಕದಲ್ಲೇ ಒಂದು ಸಿಮೆಂಟ್ ತೊಟ್ಟಿಯನ್ನೋ ಅರ್ಧಕ್ಕೆ ಕತ್ತರಿಸಿದ ಡ್ರಮ್ಮನ್ನೋ ಇಟ್ಟು, ಹಗಲೂ ರಾತ್ರಿಯೂ ತಿಳಿನೀರು ಇರುವಂತೆ ನೋಡಿಕೊಳ್ಳಿ. ವಾರಕ್ಕೊಮ್ಮೆ ಪಾಚಿ ಉಜ್ಜಿ ಸುಣ್ಣ ಬಳಿಯಿರಿ. ಕಲಗಚ್ಚು ಕೊಡುವುದಾದರೆ ಕೊಡಿ, ಆದರೆ ಅದು ನೀರಿನ ಲೆಕ್ಕಕ್ಕೆ ಬರುವುದಿಲ್ಲ.

ಹಸುವನ್ನು ಕಟ್ಟಲೇಬಾರದೇ?

ಇಡೀ ದಿನ ಬಿಟ್ಟು ಸಾಕುವಷ್ಟು ಜಾಗ ಎಲ್ಲರಿಗೂ ಇಲ್ಲ. ಆದರೆ ಹೇಗೆ ಕಟ್ಟುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ.

ಹಸು ಏಳುವುದನ್ನು ಒಮ್ಮೆ ಗಮನವಿಟ್ಟು ನೋಡಿ. ಮೊದಲು ಮುಂಗಾಲಿನ ಮಂಡಿಯ ಮೇಲೆ ಭಾರ ಹಾಕುತ್ತದೆ, ತಲೆಯನ್ನು ಮುಂದಕ್ಕೆ ಜೋರಾಗಿ ಚಾಚುತ್ತದೆ, ಆ ಎಳೆತದಲ್ಲಿ ಹಿಂಭಾಗ ಮೇಲೇಳುತ್ತದೆ, ಕೊನೆಗೆ ಮುಂಗಾಲು ಊರುತ್ತದೆ. ತಲೆ ಚಾಚಲು ಮುಂದೆ ಸುಮಾರು ಮೂರಡಿ ಖಾಲಿ ಜಾಗ ಬೇಕು. ಹಗ್ಗ ಗಿಡ್ಡವಾಗಿದ್ದರೆ, ಇಲ್ಲವೇ ಗೋದಲಿಯ ಗೋಡೆ ಮೂತಿಗೇ ತಾಗುವಂತಿದ್ದರೆ, ಅದು ತಲೆ ಚಾಚಲಾರದೆ ಕುದುರೆಯ ಹಾಗೆ ಮುಂಗಾಲು ಮೊದಲು ಊರಿ ಏಳಲು ಹೆಣಗುತ್ತದೆ. ಎರಡು ಮೂರು ಸಲ ಎದ್ದು ಬಿದ್ದ ಹಸು ಮಲಗುವುದನ್ನೇ ಕಡಿಮೆ ಮಾಡುತ್ತದೆ. ನಿಂತೇ ಇರುವ ಹಸುವಿಗೆ ಗೊರಸಿನ ಬಾಧೆ, ಹಿಂಗಾಲಿನ ಗಿಣ್ಣು ಊದುವುದು, ಹಾಲು ಇಳಿಯುವುದು ಒಂದರ ಹಿಂದೆ ಒಂದಾಗಿ ಬರುತ್ತವೆ. ಹಸು ದಿನಕ್ಕೆ ಹತ್ತು ಹನ್ನೆರಡು ಗಂಟೆ ಮಲಗಬೇಕು. ಮಲಗಿದಾಗ ಕೆಚ್ಚಲಿಗೆ ರಕ್ತ ಹೆಚ್ಚು ಹರಿಯುತ್ತದೆ, ಮೆಲುಕೂ ಚೆನ್ನಾಗಿ ನಡೆಯುತ್ತದೆ.

ಆದ್ದರಿಂದ ಮಲಗಿ ತನ್ನ ಪಕ್ಕೆಯನ್ನು ತಾನೇ ನೆಕ್ಕಿಕೊಳ್ಳುವಷ್ಟು ಹಗ್ಗ ಬಿಡಿ. ನೆಲ ಒರಟಾಗಿರಲಿ, ಹಿಂದಕ್ಕೆ ಸ್ವಲ್ಪ ಇಳಿಜಾರಿರಲಿ. ರಬ್ಬರ್ ಮ್ಯಾಟ್ ಒಳ್ಳೆಯದೇ, ಆದರೆ ಅದರ ಅಡಿಯಲ್ಲಿ ಗಂಜಲ ನಿಂತರೆ ಮ್ಯಾಟೇ ರೋಗದ ತವರು. ಆಗಾಗ ಎತ್ತಿ ತೊಳೆಯಬೇಕು. ಮ್ಯಾಟಿಗೆ ದುಡ್ಡಿಲ್ಲದವರು ಒಣ ತರಗೆಲೆ, ತೆಂಗಿನ ನಾರಿನ ಪುಡಿ, ತಿನ್ನದೆ ಬಿಟ್ಟ ರಾಗಿ ಹುಲ್ಲು ಹಾಸಬಹುದು. ಮಲೆನಾಡಿನವರಿಗೆ ಸೊಪ್ಪು ಹಾಸುವ ಪದ್ಧತಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಯ ಹಿತ್ತಿಲಲ್ಲಿ ನಾಲ್ಕು ಬಿದಿರು ಗಳ ಕಟ್ಟಿ ದಿನಕ್ಕೆ ಎರಡು ಮೂರು ಗಂಟೆ ಬಿಚ್ಚಿ ಬಿಟ್ಟರೂ ಕಾಲು ಸಡಿಲಾಗುತ್ತದೆ. ಬೆದೆಗೆ ಬಂದದ್ದು ತಿಳಿಯುವುದೂ ಹಾಗೆ ಬಿಟ್ಟಾಗಲೇ.

ಬೇಸಿಗೆಯಲ್ಲಿ ಹಸು ಏದುಸಿರು ಬಿಡುತ್ತದೆ. ಏನು ಮಾಡುವುದು?

ಎಚ್‌ಎಫ್ ತಂಪು ದೇಶದ ತಳಿ. 25 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ ಶುರು. ಹಳ್ಳಿಕಾರ್, ಖಿಲಾರಿ, ಮಲೆನಾಡು ಗಿಡ್ಡಗಳು ತಡೆದುಕೊಳ್ಳುವ ಬಿಸಿಲನ್ನು ಅದರಿಂದ ನಿರೀಕ್ಷಿಸಬೇಡಿ. ತಗಡಿನ ಮಾಡು ತಗ್ಗಾಗಿದ್ದರೆ ಕೊಟ್ಟಿಗೆ ಕುಲುಮೆಯೇ ಸರಿ. ಮಾಡಿನ ಮೇಲೆ ತೆಂಗಿನ ಗರಿ ಹೊದಿಸಿ, ಸುಣ್ಣ ಬಳಿಯಿರಿ. ಗೋಡೆಯನ್ನು ಎದೆಮಟ್ಟಕ್ಕೆ ಇಳಿಸಿ ಗಾಳಿ ಆಡಲು ಬಿಡಿ. ಮೈಗೆ ನೀರು ಚಿಮುಕಿಸುವುದಾದರೆ ಜೊತೆಗೆ ಗಾಳಿ ಬೇಕು. ಮುಚ್ಚಿದ ಕೊಟ್ಟಿಗೆಯಲ್ಲಿ ಬರೀ ನೀರು ಎರಚಿದರೆ ಸೆಕೆ ಹೆಚ್ಚುತ್ತದೆ. ಒಣಮೇವನ್ನು ಸಂಜೆ, ಬೆಳಗಿನ ಜಾವದ ತಂಪಿಗೆ ಹಾಕಿ.

ಕರುವನ್ನು ತಾಯಿಯಿಂದ ಬೇರೆ ಮಾಡುವುದು ಹಿಂಸೆಯಲ್ಲವೇ?

ಬೇರೆ ಮಾಡಿದಾಗ ಎರಡಕ್ಕೂ ಸಂಕಟವಾಗುತ್ತದೆ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹಾಲಿನ ವ್ಯಾಪಾರದ ನಡುವಿನಲ್ಲೇ ಈ ಸಂಕಟ ಇದೆ. ನಮ್ಮ ಸಣ್ಣ ಕೊಟ್ಟಿಗೆಗಳಲ್ಲಿ ಕರೆಯುವ ಮೊದಲು ಮತ್ತು ಕರೆದ ಮೇಲೆ ಕರುವಿಗೆ ಕುಡಿಸಿ, ತಾಯಿಗೆ ಕಾಣುವ ಹಾಗೆ ಪಕ್ಕದಲ್ಲೇ ಕಟ್ಟುವ ಪದ್ಧತಿ ಇದೆ. ಅದು ದೊಡ್ಡ ಫಾರ್ಮುಗಳ ಪದ್ಧತಿಗಿಂತ ಎಷ್ಟೋ ಮೇಲು. ಮೊಲೆ ಬಿಡುವುದೇ ಆದರೆ ಕರುವಿಗೆ ಉಳಿಸಿ ಬಿಡಿ. ಕೆಚ್ಚಲು ಬರಿದಾದ ಮೇಲೆ ಚೀಪಲು ಬಿಟ್ಟು ‘ಕುಡಿಯಿತು’ ಎನ್ನುವುದು ಲೆಕ್ಕಕ್ಕಿಲ್ಲ.

ಮೊದಲ ದಿನದ ಮಾತು ಇನ್ನೂ ಮುಖ್ಯ. ಹಸುವಿನ ಗರ್ಭದಲ್ಲಿ ತಾಯಿಯ ರೋಗನಿರೋಧಕ ಶಕ್ತಿ ಕರುವಿಗೆ ದಾಟುವುದಿಲ್ಲ. ಅದು ಸಿಗುವುದು ಗಿಣ್ಣುಹಾಲಿನಿಂದ ಮಾತ್ರ. ಕರುವಿನ ಕರುಳು ಅದನ್ನು ಹೀರಿಕೊಳ್ಳುವ ಬಾಗಿಲು ಗಂಟೆಗಂಟೆಗೂ ಮುಚ್ಚುತ್ತಾ ಹೋಗಿ, ಸುಮಾರು 24 ಗಂಟೆಗೆ ಪೂರಾ ಮುಚ್ಚಿಬಿಡುತ್ತದೆ. ಮಾಸು ಬೀಳುವ ತನಕ ಕರುವಿಗೆ ಕುಡಿಸಬಾರದು ಎಂಬ ನಂಬಿಕೆ ಅನೇಕ ಕಡೆ ಇದೆ. ಇದು ಎರಡು ಬಗೆಯಲ್ಲಿ ತಪ್ಪು. ಕರುವಿಗೆ ಹೊತ್ತು ಮೀರುತ್ತದೆ. ಕರು ಚೀಪಿದರೆ ಮಾಸು ಬೀಳಲು ಅನುಕೂಲವೇ ಆಗುತ್ತದೆ. ಹುಟ್ಟಿದ ಒಂದೆರಡು ಗಂಟೆಯೊಳಗೆ ಮೊದಲ ಸಲ, ಮೊದಲ ದಿನ ಮುಗಿಯುವುದರೊಳಗೆ ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು: 30 ಕಿಲೋ ಕರುವಿಗೆ ಮೂರು ಲೀಟರ್. ಅಷ್ಟು ಆದ ಮೇಲೆ ಉಳಿದರೆ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡಿಕೊಂಡು ತಿನ್ನಿ, ನೆರೆಮನೆಗೂ ಕೊಡಿ. ಗಿಣ್ಣಿಗೆ ಒಳ್ಳೆಯ ಬೆಲೆ ಬರುತ್ತದೆಂದು ಕರುವಿನ ಪಾಲನ್ನು ಮಾರುವುದು ಮಾತ್ರ ಬೇಡ.

ಕೊಂಬು ಸುಡುವುದು, ಬೀಜ ಒಡೆಯುವುದು, ಮೂಗು ಚುಚ್ಚುವುದು ತಪ್ಪೇ?

ಅರಿವಳಿಕೆ ಇಲ್ಲದೆ ಮಾಡುವುದು ತಪ್ಪು. 1960ರ ಕಾಯ್ದೆ ಈ ಕೆಲಸಗಳಿಗೆ ವಿನಾಯಿತಿ ಕೊಟ್ಟಿದ್ದು ‘ನಿಗದಿತ ರೀತಿಯಲ್ಲಿ’ ಮಾಡಿದರೆ ಮಾತ್ರ. ಆ ರೀತಿ ಯಾವುದೆಂದು ದಶಕಗಳ ಕಾಲ ಯಾರೂ ನಿಗದಿ ಮಾಡಲೇ ಇಲ್ಲ! 2023ರಲ್ಲಿ ಕೇಂದ್ರ ಸರ್ಕಾರ ಕೊನೆಗೂ ನಿಯಮ ತಂದಿತು. ಅದರಂತೆ ನೋಂದಾಯಿತ ಪಶುವೈದ್ಯರ ಕೈಯಲ್ಲಿ, ಅರಿವಳಿಕೆ ಕೊಟ್ಟೇ ಇವನ್ನು ಮಾಡಿಸಬೇಕು. ಕೊಂಬಿನ ಮೊಳಕೆಯನ್ನು ಎರಡು ಮೂರು ವಾರದ ಕರುವಿನಲ್ಲಿ ತೆಗೆಸಿದರೆ ಗಾಯ ಸಣ್ಣದು. ಎರಡು ತಿಂಗಳ ಹೊತ್ತಿಗೆ ಅದು ತಲೆಬುರುಡೆಗೆ ಅಂಟಿಕೊಳ್ಳುತ್ತದೆ. ಕಲ್ಲಿನ ಮೇಲಿಟ್ಟು ಬೀಜ ಒಡೆಯುವ ಹಳೆಯ ಪದ್ಧತಿಯನ್ನು ಸಮರ್ಥಿಸಲು ಈಗ ಯಾವ ನೆಪವೂ ಉಳಿದಿಲ್ಲ. ಹಾಲು ಕರೆಯುವ ಹಸುವಿಗೆ ಮೂಗುದಾರದ ಅಗತ್ಯವೇ ಇಲ್ಲ. ಮುಖಕ್ಕೆ ಹಾಕುವ ಹಗ್ಗದ ಮುಖವಾಡ ಸಾಕು.

ಹಾಲು ಇಳಿಸಲು ಇಂಜೆಕ್ಷನ್ ಕೊಡಬಹುದೇ?

ಕೊಡಬಾರದು. ಕರು ಚೀಪಿದಾಗ, ಕೆಚ್ಚಲು ತೊಳೆದಾಗ, ಪರಿಚಿತ ಕೈ ಮುಟ್ಟಿದಾಗ ಹಸುವಿನ ಮೈಯಲ್ಲೇ ಆಕ್ಸಿಟೋಸಿನ್ ಎಂಬ ಹಾರ್ಮೋನು ಉಕ್ಕಿ ಹಾಲು ತೊರೆ ಬಿಡುತ್ತದೆ. ಹೆದರಿದ ಹಸುವಿನಲ್ಲಿ ಅದು ನಿಂತುಹೋಗುತ್ತದೆ. ಕರು ಸತ್ತಾಗ ಅಥವಾ ಕರುವನ್ನು ಮಾರಿದಾಗ ಹಾಲು ಇಳಿಸಲು ದಿನಾ ಎರಡು ಹೊತ್ತು ಅದನ್ನೇ ಸೂಜಿಯಲ್ಲಿ ಚುಚ್ಚುವವರಿದ್ದಾರೆ. ಅಭ್ಯಾಸವಾದ ಹಸು ಸೂಜಿಯಿಲ್ಲದೆ ಹಾಲು ಬಿಡುವುದಿಲ್ಲ. ಹಾಲಿನ ಮೂಲಕ ಕುಡಿಯುವವರಿಗೆ ಅಪಾಯ ಎಂಬ ಭಯಕ್ಕೆ ಆಧಾರ ತೆಳುವಾದದ್ದು. ನಿಜವಾದ ಕಷ್ಟ ಹಸುವಿನದು. ಹಾಲು ಹೆಚ್ಚಿಸಲು ಆರೋಗ್ಯಕ್ಕೆ ಹಾನಿಯಾಗುವ ಯಾವುದೇ ಇಂಜೆಕ್ಷನ್ ಕೊಟ್ಟರೆ 1960ರ ಕಾಯ್ದೆಯ 12ನೇ ಕಲಮಿನಡಿ ಎರಡು ವರ್ಷದವರೆಗೆ ಜೈಲಿದೆ. ಹಾಲು ಇಳಿಸಲು ಹಸುವಿನ ಜನನಾಂಗದೊಳಗೆ ಗಾಳಿ ಊದುವ ‘ಫೂಕಾ’ ಎಂಬ ಅಸಹ್ಯ ಪದ್ಧತಿಯನ್ನೂ ಅದೇ ಕಲಮು ನಿಷೇಧಿಸುತ್ತದೆ. ಗಾಂಧೀಜಿಗೆ ಹಸು, ಎಮ್ಮೆಯ ಹಾಲು ಬೇಡವೆನಿಸಲು ಫೂಕಾ ಒಂದು ಕಾರಣ.

2018ರಲ್ಲಿ ಕೇಂದ್ರವು ಖಾಸಗಿ ಕಂಪನಿಗಳು ಆಕ್ಸಿಟೋಸಿನ್ ತಯಾರಿಸುವುದನ್ನು ತಡೆದು, ದೇಶದೊಳಗಿನ ಬಳಕೆಗೆ ಬೆಂಗಳೂರಿನ ಸರ್ಕಾರಿ ಸಂಸ್ಥೆ ಕೆಎಪಿಎಲ್ ಒಂದಕ್ಕೇ ಅನುಮತಿ ಕೊಡಲು ಹೊರಟಿತ್ತು. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ತಾಯಂದಿರಿಗೂ ಅದೇ ಔಷಧಿ ಬೇಕು. ದೆಹಲಿ ಹೈಕೋರ್ಟ್ ಅದೇ ವರ್ಷ ಡಿಸೆಂಬರಿನಲ್ಲಿ ಆ ಆದೇಶವನ್ನು ರದ್ದು ಮಾಡಿತು. ಅಂಗಡಿಗೆ ಬೀಗ ಹಾಕಿ ಕೊಟ್ಟಿಗೆಯ ಚಾಳಿ ಬಿಡಿಸಲು ಹೋದರೆ ಹೀಗಾಗುತ್ತದೆ.

ಕೆಚ್ಚಲು ಬಾವು ಪದೇ ಪದೇ ಬರುತ್ತದೆ. ಅದಕ್ಕೂ ಆರೈಕೆಗೂ ಸಂಬಂಧವೇನು?

ನೇರ ಸಂಬಂಧ. ಬಾವು ಬಂದ ಕೆಚ್ಚಲು ಮುಟ್ಟಿದರೆ ಹಸು ಒದೆಯುವುದು ಕೊಬ್ಬಿನಿಂದಲ್ಲ, ನೋವಿನಿಂದ. ಹೆಬ್ಬೆರಳನ್ನು ಮಡಚಿ ಮೊಲೆತೊಟ್ಟನ್ನು ಒತ್ತಿ ಎಳೆಯುವ ಅಭ್ಯಾಸ ಬಿಟ್ಟು ಇಡೀ ಅಂಗೈಯಿಂದ ಕರೆಯಿರಿ. ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಏಳೆಂಟು ನಿಮಿಷದಲ್ಲಿ ಮುಗಿಸಿ. ಕರೆದ ಕೂಡಲೇ ಮೇವು ಹಾಕಿ ಅರ್ಧ ಗಂಟೆ ನಿಂತಿರುವ ಹಾಗೆ ಮಾಡಿ, ಏಕೆಂದರೆ ತೊಟ್ಟಿನ ರಂಧ್ರ ತಕ್ಷಣ ಮುಚ್ಚಿಕೊಳ್ಳುವುದಿಲ್ಲ. ಆ್ಯಂಟಿಬಯೋಟಿಕ್ ಕೊಟ್ಟಿದ್ದರೆ ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಡೈರಿಗೆ ಹಾಕಬೇಡಿ.

ನೋವಿನ ಔಷಧಿಯ ಬಗ್ಗೆ ಒಂದು ಮಾತು. ಡೈಕ್ಲೋಫೆನಾಕ್ ಅನ್ನು ಜಾನುವಾರುಗಳಿಗೆ ಕೊಡುವುದನ್ನು 2006ರಲ್ಲೇ ನಿಲ್ಲಿಸಲಾಗಿದೆ. ಅದನ್ನು ಕೊಟ್ಟ ದನ ಸತ್ತರೆ, ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ಕೆಲವೇ ಹದ್ದುಗಳನ್ನು ನೆನೆದಾದರೂ ಅದರ ಬದಲು ಮೆಲಾಕ್ಸಿಕಾಮ್ ಎಂಬ ನೋವಿನ ಔಷಧಿಯನ್ನು ಕೇಳಿ ಬರೆಸಿಕೊಳ್ಳಿ.

ಬರೆ ಎಳೆಯುವುದು, ಕಿಚ್ಚು ಹಾಯಿಸುವುದು ಹಿರಿಯರಿಂದ ಬಂದದ್ದು. ಬಿಡಬೇಕೇ?

ಬರೆಯನ್ನು ಬಿಡಲೇಬೇಕು. ಊತಕ್ಕೆ, ಕುಂಟಿಗೆ, ಹೊಟ್ಟೆಯುಬ್ಬರಕ್ಕೆ ಕಾದ ಕಬ್ಬಿಣ ಎಳೆದರೆ ಹಳೆಯ ನೋವಿನ ಮೇಲೆ ಹೊಸ ನೋವು ಬಂದು ಹಸು ಹಳೆಯದನ್ನು ತೋರಿಸಿಕೊಳ್ಳುವುದಿಲ್ಲ, ಅಷ್ಟೆ. ಹಳೇ ಮೈಸೂರು ಸೀಮೆಯ ಸಂಕ್ರಾಂತಿ ಕಿಚ್ಚು ಊರೆಲ್ಲ ಸೇರುವ ಹಬ್ಬ, ಅದನ್ನು ಹೀಯಾಳಿಸುವ ಉದ್ದೇಶ ನಮಗಿಲ್ಲ. ಆದರೆ ಮೈಗೆ ಕಚ್ಚಿದ ಉಣ್ಣೆ ಹುಳ ಸಾಯುತ್ತದೆ ಎಂಬ ಕಾರಣ ನಿಲ್ಲುವುದಿಲ್ಲ. ಬೆಂಕಿ ದಾಟುವ ಕ್ಷಣದಲ್ಲಿ ಉಣ್ಣೆಗೆ ಏನೂ ಆಗದು, ಕೆಚ್ಚಲು ಸುಡಬಹುದು. ಗಬ್ಬದ ಹಸು, ಕರೆಯುವ ಹಸು, ಹೆದರಿ ಜಗ್ಗಾಡುವ ಹಸುಗಳನ್ನು ಓಡಿಸಬೇಡಿ. ಅವನ್ನು ಅಲಂಕರಿಸಿ ಊರ ಮುಂದೆ ನಡೆಸಿದರೂ ಹಬ್ಬಕ್ಕೇನೂ ಕಳೆಯಾಗದು.

ಹೋರಿಕರು ಮತ್ತು ಗೊಡ್ಡು ಹಸುವನ್ನು ಏನು ಮಾಡುವುದು?

ಇದಕ್ಕೆ ಸಿಹಿಯಾದ ಉತ್ತರ ಇಲ್ಲ. ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲೆ ಎಚ್‌ಎಫ್ ಹೋರಿಕರುವಿಗೆ ಕೆಲಸವಿಲ್ಲ. 2021ರಲ್ಲಿ ಜಾರಿಗೆ ಬಂದ ಗೋಹತ್ಯೆ ನಿಷೇಧ ಕಾನೂನಿನಡಿ ಹಸು, ಕರು, ಎತ್ತು, ಹೋರಿಗಳನ್ನು ಯಾವ ವಯಸ್ಸಿನಲ್ಲೂ ಕಡಿಯುವಂತಿಲ್ಲ. ಎಮ್ಮೆಗಳಿಗೆ 13 ವರ್ಷ ದಾಟಿರಬೇಕು. ಕೊಳ್ಳುವವರಿಲ್ಲ, ಸಾಕಲು ಮೇವಿಲ್ಲ. ಹಾಗಾಗಿ ಹೋರಿಕರುವಿಗೆ ಹಾಲು ಕಡಿಮೆ ಮಾಡಿ ತಾನಾಗಿಯೇ ಸಾಯಲು ಬಿಡುವುದು, ರಾತ್ರಿ ಹೊತ್ತು ಊರಾಚೆ ಬಿಟ್ಟು ಬರುವುದು ನಡೆದಿದೆ. ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಹಸಿವಿನಿಂದ ಕೊಲ್ಲುವುದು ಕತ್ತಿಯಿಂದ ಕೊಲ್ಲುವುದಕ್ಕಿಂತ ಸೌಮ್ಯವಾದದ್ದೇನಲ್ಲ.

ಕೈಲಾಗುವ ದಾರಿ ಎಂದರೆ ಹೋರಿಕರು ಹುಟ್ಟುವುದನ್ನೇ ಕಡಿಮೆ ಮಾಡುವುದು. ಕೃತಕ ಗರ್ಭಧಾರಣೆಗೆ ಬಳಸುವ ಲಿಂಗ ನಿರ್ಧರಿತ ವೀರ್ಯದ ಕಡ್ಡಿಯಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಹೆಣ್ಣುಕರು ಹುಟ್ಟುತ್ತವೆ. ಮೊದಲ ಸಲ ಬೆದೆಗೆ ಬಂದ ಕಡಸಿಗೆ ಅದನ್ನೇ ಕೇಳಿ. ಗೊಡ್ಡು ಹಸುವಿನ ಮಟ್ಟಿಗೆ, ಹಾಲು ಕೊಡುವ ವರ್ಷಗಳಲ್ಲೇ ಅದರ ಮುಪ್ಪಿಗೆಂದು ಸ್ವಲ್ಪ ಎತ್ತಿಡಬೇಕು. ಗೋಶಾಲೆಗೆ ಬಿಡುವ ಮೊದಲು ಒಮ್ಮೆ ಹೋಗಿ ಅಲ್ಲಿನ ಮೇವಿನ ಬಣವೆಯನ್ನು, ಮಲಗಿದಲ್ಲೇ ಮಲಗಿರುವ ದನಗಳನ್ನು ನೋಡಿ ಬನ್ನಿ. ಎಲ್ಲ ಗೋಶಾಲೆಗಳೂ ಒಂದೇ ಅಲ್ಲ.

ಸಂತೆಯಿಂದ ಹಸು ತರುವಾಗ ಏನು ಎಚ್ಚರ ವಹಿಸಬೇಕು?

ಮೋಟಾರು ವಾಹನ ನಿಯಮದ ಪ್ರಕಾರ ಒಂದು ಹಸುವಿಗೆ ಎರಡು ಚದರ ಮೀಟರ್ ಜಾಗ ಬೇಕು. ಏಳಡಿ ಉದ್ದ, ಐದಡಿ ಅಗಲದ ಸಣ್ಣ ಗೂಡ್ಸ್ ಗಾಡಿಯ ಲೆಕ್ಕ ಹಾಕಿ: ಮೂರೂಕಾಲು ಚದರ ಮೀಟರ್. ಅಂದರೆ ಒಂದೇ ಹಸು. ಆದರೆ ಅದರಲ್ಲಿ ಮೂರು ತುಂಬುತ್ತಾರೆ, ಏರದಿದ್ದರೆ ಬಾಲ ಮುರಿಯುತ್ತಾರೆ. ಪಶುವೈದ್ಯರ ಪ್ರಮಾಣಪತ್ರ ಬೇಕು. ನೆಲಕ್ಕೆ ಹುಲ್ಲು ಹಾಸಿ, ಹತ್ತಿಸಲು ಮಣ್ಣಿನ ದಿಬ್ಬ ಹುಡುಕಿ, ತಂಪು ಹೊತ್ತಿನಲ್ಲಿ ಹೊರಡಿ. ತುಂಬು ಗಬ್ಬದ ಹಸುವನ್ನು ಸಾಗಿಸಬೇಡಿ. ಹೆಚ್ಚು ಹಾಲು ತೋರಿಸಲು ಎರಡು ಹೊತ್ತು ಕರೆಯದೆ ಕೆಚ್ಚಲು ಬಿಗಿಸಿ ಸಂತೆಗೆ ತರುವ ದಲ್ಲಾಳಿಗಳಿಂದ ಕೊಳ್ಳದಿರುವುದು ನಿಮ್ಮ ಕಿಸೆಗೂ ಒಳ್ಳೆಯದು.

ಲಸಿಕೆ, ಚಿಕಿತ್ಸೆಗೆ ಯಾರನ್ನು ಕೇಳಬೇಕು?

1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ. ಕಾಲುಬಾಯಿ ಜ್ವರದ ಲಸಿಕೆಯನ್ನು ವರ್ಷಕ್ಕೆ ಎರಡು ಸಲ ಉಚಿತವಾಗಿ ಹಾಕುತ್ತಾರೆ, ಹಾಲು ಇಳಿಯುತ್ತದೆಂದು ತಪ್ಪಿಸಬೇಡಿ. ಇಳಿದರೂ ಒಂದೆರಡು ದಿನ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಕೊಟ್ಟಿಗೆ ಕೊಟ್ಟಿಗೆಗಳಲ್ಲಿ ಏನಾಯಿತು ಎಂಬುದು ಎಲ್ಲರಿಗೂ ನೆನಪಿದೆ.

ಇಷ್ಟೆಲ್ಲ ಮಾಡಿದರೆ ಲಾಭವಿದೆಯೇ?

ನೀರು, ನೆಲ, ನೆರಳು, ಗಿಣ್ಣುಹಾಲು, ಶುಚಿಯಾಗಿ ಕರೆಯುವುದು: ಇವುಗಳಿಗೆ ಹಾಕಿದ ಹಣ ಮರಳಿ ಬರುತ್ತದೆ. ಅರಿವಳಿಕೆಯ ಖರ್ಚು, ಹೋರಿಕರುವಿಗೆ ಕುಡಿಸಿದ ಹಾಲು, ಮುದಿ ಹಸುವಿನ ಮೇವು: ಇವುಗಳದ್ದು ಬರುವುದಿಲ್ಲ. ಎಲ್ಲದರಲ್ಲೂ ಲಾಭವಿದೆ ಎಂದು ಭಾಷಣ ಮಾಡುವವರನ್ನು ನಂಬಬೇಡಿ. ಲಾಭವಿಲ್ಲದ ಕಡೆ ಖರ್ಚನ್ನು ರೈತನೊಬ್ಬನ ತಲೆಗೆ ಕಟ್ಟುವುದು ನ್ಯಾಯವೂ ಅಲ್ಲ.

ಹಾಗಾದರೆ ಹಾಲು ಒಕ್ಕೂಟಗಳ ಜವಾಬ್ದಾರಿ ಏನು?

ಡೈರಿಯಲ್ಲಿ ಹಾಲಿನ ಫ್ಯಾಟ್ ನೋಡುತ್ತಾರೆ, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡುತ್ತಾರೆ. ಹಸುವಿನ ಹಿಂಗಾಲು ಯಾರೂ ನೋಡುವುದಿಲ್ಲ. ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನವೂ ಲೀಟರಿನ ಲೆಕ್ಕವೇ. ಕೆಲವು ಒಕ್ಕೂಟಗಳು ಸಹಾಯಧನದಲ್ಲಿ ಮ್ಯಾಟ್ ಕೊಡುತ್ತವೆ, ಒಳ್ಳೆಯದು. ಅದರ ಜೊತೆಗೆ ವರ್ಷಕ್ಕೆರಡು ಸಲ ಒಕ್ಕೂಟದ ವೈದ್ಯರು ಕೊಟ್ಟಿಗೆಗೆ ಬಂದು ಮೂರೇ ಮೂರು ಸಂಗತಿ ನೋಡಿದರೆ ಸಾಕು: ತೊಟ್ಟಿಯಲ್ಲಿ ನೀರಿದೆಯೇ, ಹಿಂಗಾಲಿನ ಗಿಣ್ಣು ಊದಿದೆಯೇ, ಪಕ್ಕೆಲುಬು ಎಷ್ಟು ಕಾಣುತ್ತದೆ. ಚೆನ್ನಾಗಿಟ್ಟವರಿಗೆ ಲೀಟರಿಗೆ ಐವತ್ತು ಪೈಸೆ ಹೆಚ್ಚು ಕೊಟ್ಟರೆ ಆರು ತಿಂಗಳಲ್ಲಿ ಊರಿನ ಹಗ್ಗಗಳೆಲ್ಲ ಉದ್ದವಾಗುತ್ತವೆ.

ಹಿಂಸೆ ಕಣ್ಣಿಗೆ ಬಿದ್ದರೆ ದೂರು ಎಲ್ಲಿ ಕೊಡುವುದು? ಶಿಕ್ಷೆ ಏನು?

ಹತ್ತಿರದ ಪೊಲೀಸ್ ಠಾಣೆಯಲ್ಲಿ. ಪಶು ಇಲಾಖೆಯ ಅಧಿಕಾರಿಗೂ ತಿಳಿಸಿ. 1960ರ ಕಾಯ್ದೆಯ 11ನೇ ಕಲಮಿನಡಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ತಪ್ಪಾಗಿ ಅಚ್ಚಾದದ್ದಲ್ಲ, ಐವತ್ತೇ ರೂಪಾಯಿ. ಆರು ದಶಕದಿಂದ ಅದು ಬದಲಾಗಿಲ್ಲ. ಪ್ರಾಣಿಯನ್ನು ಕೊಂದರೆ, ವಿಷವಿಟ್ಟರೆ, ಅಂಗ ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಐದು ವರ್ಷದವರೆಗೆ ಜೈಲು ಆಗಬಹುದು, ಹಾಗಾಗಿ ದೂರಿನಲ್ಲಿ ಗಾಯದ ವಿವರವನ್ನು ಸ್ಪಷ್ಟವಾಗಿ ಬರೆಯಿರಿ, ಪಶುವೈದ್ಯರಿಂದ ವರದಿ ಪಡೆಯಿರಿ, ದಿನಾಂಕ ಸಹಿತ ಫೋಟೊ ಇಟ್ಟುಕೊಳ್ಳಿ. ನೆರೆಯವನ ಹಸು ಬಡಕಲಾಗಿದೆ ಎಂಬಷ್ಟೇ ಆಗಿದ್ದರೆ ಠಾಣೆಗಿಂತ ಮೊದಲು ಒಂದು ಹೊರೆ ಹುಲ್ಲು ಹಿಡಿದುಕೊಂಡು ಅವನ ಮನೆಗೆ ಹೋಗಿ ವಿಚಾರಿಸಿ. ಆ ವರ್ಷ ಅವನಿಗೂ ಮೇವು ಸಿಕ್ಕಿರಲಿಕ್ಕಿಲ್ಲ.